ಗೋಡೆಯಾಚೆಯ ಬಾಣ

ರೂಲೊಫ್‌ನ ಮೌಸ್ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಅವನು ಎಂದೋ ಅದನ್ನು ಬಿಚ್ಚಿ, ಮೇಜಿನ ತುಂಬ ಹರಡಿ, ಒಂದು ಸ್ಕ್ರೂ ಕಳೆದು, ಉಳಿದದ್ದನ್ನು ಜೋಡಿಸಿ ಸೋಲೊಪ್ಪಿಕೊಂಡುಬಿಡುತ್ತಿದ್ದ. ತೊಂದರೆಯೆಂದರೆ ಅದು ಜೀವಂತವಾಗಿತ್ತು. ಹೊಟ್ಟೆಯಡಿಯ ಗುಂಡಿ ಸರಿಸಿದರೆ ಕೆಂಪು ದೀಪ ಹತ್ತುತ್ತಿತ್ತು. ಒತ್ತಿದರೆ ಟಿಕ್ ಎನ್ನುತ್ತಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲಿನ ಬಾಣ ಮಾತ್ರ ನೆಟ್ಟ ಗೂಟದಂತೆ ನಿಂತಲ್ಲೇ ನಿಂತಿರುತ್ತಿತ್ತು.

ಸಂಜೆ ಎಂಟರ ಕಾಫಿ ಮುಗಿದು, ತಲೆಗೊಂದೇ ಬಿಸ್ಕತ್ತು ಕೊಟ್ಟ ಡಬ್ಬಿಗೆ ಮುಚ್ಚಳ ಬಿದ್ದ ಮೇಲೆ ಅವನ ಹೋರಾಟ ಶುರು. ಬ್ಯಾಟರಿ ಬದಲಿಸಿದ. ತೆಗೆದ ಬ್ಯಾಟರಿಯನ್ನು ಗೋಡೆ ಗಡಿಯಾರಕ್ಕೆ ಹಾಕಿ ನೋಡಿದ, ಗಡಿಯಾರ ನಡೆಯಿತು. ಲ್ಯಾಪ್‌ಟಾಪಿನ ಬದಿಗೆ ಚುಚ್ಚುವ ಉಗುರಿನಷ್ಟು ಗಾತ್ರದ ರಿಸೀವರನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಿಸಿ, ಊದಿ, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಚುಚ್ಚಿದ. ಲ್ಯಾಪ್‌ಟಾಪನ್ನು ಮಲಗಿಸಿ ಎಬ್ಬಿಸಿದ. ಮೊಬೈಲ್ ಅಡ್ಡ ಬರುತ್ತಿದೆಯೇನೋ ಎಂದು ಅದನ್ನು ಅಡುಗೆಮನೆಗೆ ಗಡೀಪಾರು ಮಾಡಿದ. ಏನೂ ಆಗದೆ, ಮೌಸನ್ನು ಮೇಜಿನ ಮೇಲೆ ಗರಗರನೆ ಸುತ್ತಿಸಿ, ಆ ಅಂಚಿಗೊಮ್ಮೆ ಈ ಅಂಚಿಗೊಮ್ಮೆ ರಪ್ಪನೆ ಎಳೆದು, ಬಾಯಿಗೆ ಬಂದದ್ದನ್ನು ಬೈದ.

"ಹೊಸದೊಂದು ತಗೊಳ್ಳೋ ಮಾರಾಯ. ಮೌಸ್ ತಾನೆ, ಕಿಡ್ನಿ ಏನಲ್ವಲ್ಲ," ಎಂದಳು ಹೆಂಡತಿ ಹಿಲ್ಲಿ, ಹೆಣಿಗೆಯಿಂದ ತಲೆ ಎತ್ತದೆ.

"ದೀಪ ಹತ್ತುತ್ತೆ ಕಣೆ. ದೀಪ ಹತ್ತೋದನ್ನ ಹ್ಯಾಗೆ ಬಿಸಾಕೋದು?"

"ಮೂರೂರಾಚೆ ಇರೋ ಸೇತುವೆ ಎತ್ತುತಿದ್ದೋನು ನೀನು. ಗೇಣು ದೂರದ ಬಾಣ ಎತ್ತಕ್ಕಾಗಲ್ಲ!"

ಅದು ನಿಜವಾದ ಚುಚ್ಚುಮಾತು. ಮೆಪ್ಪೆಲ್ ಊರಿನ ಕಾಲುವೆಯ ಸೇತುವೆಯ ಪಕ್ಕ, ಗಾಜಿನ ಗೂಡಿನಲ್ಲಿ ಕೂತು, ದೋಣಿ ಬಂದಾಗಲೆಲ್ಲ ಸೇತುವೆ ಎತ್ತುವುದು ರೂಲೊಫ್‌ನ ಕೆಲಸವಾಗಿತ್ತು. ಕೊನೆಯ ವರ್ಷಗಳಲ್ಲಿ ಗೂಡಿಗೆ ಬೀಗ ಹಾಕಿ, ಅವನನ್ನು ಬೇರೆ ಊರಿನ ಕಚೇರಿಯೊಂದರಲ್ಲಿ ಪರದೆಗಳ ಮುಂದೆ ಕೂರಿಸಿದರು. ಇಲ್ಲಿ ಒತ್ತಿದರೆ ಎಲ್ಲೋ ಕಾಣದ ಸೇತುವೆ ಏಳುತ್ತಿತ್ತು, ಕಾಣದ ಸೈಕಲ್ಲಿನವರು ಕಾಣದಂತೆ ಶಪಿಸುತ್ತಿದ್ದರು. ಅವನಿಗೆ ಆ ಕೆಲಸ ಕಡೆಗೂ ಹಿಡಿಸಲಿಲ್ಲ. ತಾನು ಮಾಡಿದ್ದು ಯಾರಿಗೆ ತಟ್ಟಿತು ಎಂದು ಕಣ್ಣಾರೆ ಕಾಣಬೇಕು ಎನ್ನುತ್ತಿದ್ದ.

ಮೌಸನ್ನು ಬಿಸಾಡದಿರಲು ದೀಪ ಬರೀ ನೆಪವೆಂದು ಹಿಲ್ಲಿಗೂ ಗೊತ್ತಿತ್ತು. ಅದು ಪಕ್ಕದ ಮನೆಯ ಲಾಮರ್ಟ್ ಕೊಟ್ಟದ್ದು. ಒಂದು ಕೊಂಡರೆ ಒಂದು ಉಚಿತ ಎಂದರೆ ಒಂದು ನಮಗೆ, ಒಂದು ಪಕ್ಕದವರಿಗೆ ಎಂದೇ ಆ ಬೀದಿಯ ಶಾಸ್ತ್ರ. ಟೂತ್‌ಪೇಸ್ಟಿನಿಂದ ಬಾಗಿಲಿನ ಬಣ್ಣದವರೆಗೆ ಎರಡೂ ಮನೆ ಹಾಗೆಯೇ ಹಂಚಿಕೊಂಡಿದ್ದವು. ಹಾಗಾಗಿ ಎರಡೂ ಬಾಗಿಲು ಒಂದೇ ಹಸಿರು. ಒಂದೇ ಬಣ್ಣದ ಎರಡು ಮೌಸ್ ತಂದ ದಿನ ಲಾಮರ್ಟ್ ಹಿತ್ತಿಲ ಬಾಗಿಲಲ್ಲೇ ನಿಂತು, "ಕಾಸು ಕೊಟ್ಟಿದ್ದು ನನಗೆ, ಪುಕ್ಕಟೆದು ನಿನಗೆ, ಯಾವುದು ಯಾವುದು ಅಂತ ಮಾತ್ರ ಕೇಳಬೇಡ," ಎಂದು ನಕ್ಕಿದ್ದ.

ಆ ಲಾಮರ್ಟ್ ನವೆಂಬರಿನಲ್ಲಿ, ಬೇಲಿಗಿಡ ಕತ್ತರಿಸುತ್ತ ಕತ್ತರಿಸುತ್ತ, ಕತ್ತರಿ ಕೆಳಗಿಟ್ಟು ಹುಲ್ಲಿನ ಮೇಲೆ ಕೂತ. ಕೂತವನು ಏಳಲಿಲ್ಲ. ಅರ್ಧ ಬೇಲಿ ಮಟ್ಟಸವಾಗಿ, ಅರ್ಧ ಕೆದರಿಕೊಂಡು ಇನ್ನೂ ಹಾಗೇ ಇತ್ತು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ರೂಲೊಫ್ ಮುಂದಿನ ಬಲಗಡೆಯವನು. ಹೆಜ್ಜೆ ತಪ್ಪಬಾರದೆಂಬ ಗಮನದಲ್ಲಿ ಅಳುವುದು ಮರೆತುಹೋಯಿತು. ಆಮೇಲೆ ನೆನಪಾದರೂ ಹೊತ್ತು ಮೀರಿತ್ತು.

ಅವರಿಬ್ಬರೂ ಊರಿನ ಹಿಮಜಾರಾಟದ ಸಂಘದ ಪದಾಧಿಕಾರಿಗಳು. ಗದ್ದೆಗೆ ನೀರು ಬಿಟ್ಟು, ಅದು ಚಳಿಗೆ ಹೆಪ್ಪುಗಟ್ಟಿ ಜಾರುವಷ್ಟು ಗಟ್ಟಿಯಾಗಲೆಂದು ಕಾಯುವುದು ಸಂಘದ ಕೆಲಸ. ವರ್ಷಗಳಿಂದ ನೀರು ಗಟ್ಟಿಯಾಗಿರಲಿಲ್ಲ. ಬುಧವಾರದ ಸಭೆ ಮಾತ್ರ ಒಂದೂ ತಪ್ಪಿರಲಿಲ್ಲ. ಲಾಮರ್ಟ್‌ನ ಫೋಟೋಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡಿ, ಫೆಬ್ರುವರಿಯ ಅವನ ಹುಟ್ಟುಹಬ್ಬಕ್ಕೆ ಹೆಂಡತಿ ಫೆಮ್ಮಿಗೆ ಕೊಡುವುದೆಂದು ಸಭೆ ತೀರ್ಮಾನಿಸಿತು. ರೂಲೊಫ್ ತನ್ನ ಲ್ಯಾಪ್‌ಟಾಪನ್ನೂ ಮೌಸನ್ನೂ ಹೊತ್ತು ಪಕ್ಕದ ಮನೆಗೆ ಹೋಗಿ, ಲಾಮರ್ಟ್‌ನ ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟುಕೊಂಡು, ಫೆಮ್ಮಿಯ ಕಾಫಿ ಕುಡಿದು, ಫೋಟೋಗಳನ್ನೆಲ್ಲ ತುಂಬಿಕೊಂಡು ಬಂದ. ಮೌಸ್ ಹಠ ಹಿಡಿದದ್ದು ಅಂದಿನಿಂದ. ಮೌಸಿಲ್ಲದೆ ಅವನ ದಪ್ಪ ಬೆರಳುಗಳಿಗೆ ಫೋಟೋ ಕತ್ತರಿಸಲು ಬಾರದು. ಒಂದೆರಡು ಕಡೆ ಲಾಮರ್ಟ್‌ನ ತಲೆಯನ್ನೇ ಕತ್ತರಿಸಿ, ಗಾಬರಿಯಾಗಿ ಕೈಬಿಟ್ಟ.

ಹೀಗಾಗಿ ಹುಟ್ಟುಹಬ್ಬದ ದಿನ ಪುಸ್ತಕದ ಬದಲು ಕುಂಡದಲ್ಲಿ ಒಂದು ಹೂಗಿಡ ಹಿಡಿದು ಹೋಗಬೇಕಾಯಿತು.

ಸತ್ತವನ ಹುಟ್ಟುಹಬ್ಬವೇ ಎಂದು ಕೇಳುವಂತಿಲ್ಲ. ಆ ಊರಿನ ಪ್ರತಿ ಮನೆಯ ಶೌಚಾಲಯದ ಗೋಡೆಯಲ್ಲೂ ಹುಟ್ಟುಹಬ್ಬಗಳ ಕ್ಯಾಲೆಂಡರ್ ತೂಗುತ್ತದೆ. ಒಮ್ಮೆ ಬರೆದ ಹೆಸರನ್ನು ಹೊಡೆದುಹಾಕುವ ಎದೆಗಾರಿಕೆ ಯಾರಿಗೂ ಇರುವುದಿಲ್ಲ. ಆದ್ದರಿಂದ ಅಲ್ಲಿ ಸತ್ತವರಿಗೂ ವಯಸ್ಸಾಗುತ್ತಲೇ ಇರುತ್ತದೆ. ಫೆಮ್ಮಿ ಎಂದಿನಂತೆ ಕುರ್ಚಿಗಳನ್ನು ಸುತ್ತ ಹಾಕಿದ್ದಳು. ಕಷ್ಟ ಬಂದದ್ದು ಕೂರುವ ಮೊದಲು. ಹುಟ್ಟುಹಬ್ಬಕ್ಕೆ ಹೋದವರು ಸುತ್ತು ಬಂದು ಎಲ್ಲರ ಕೈ ಕುಲುಕಬೇಕು: ಗಂಡನಿಗಾಗಿ ಹೆಂಡತಿಗೆ ಅಭಿನಂದನೆ, ಭಾವನಿಗಾಗಿ ನಾದಿನಿಗೆ ಅಭಿನಂದನೆ, ಪಕ್ಕದವನಿಗಾಗಿ ಪಕ್ಕದವರಿಗೆ ಅಭಿನಂದನೆ. ಈಗ ಏನನ್ನುವುದು? ಹಿಲ್ಲಿ ಕೋಟು ಬಿಚ್ಚುವುದನ್ನೇ ನಿಧಾನ ಮಾಡಿದಳು. ರೂಲೊಫ್ ಹೂಕುಂಡವನ್ನು ಗುರಾಣಿಯಂತೆ ಹಿಡಿದು ನಿಂತ.

ಫೆಮ್ಮಿಯ ಅಕ್ಕ ಯಾಂತಿನಾಳೇ ಎದ್ದಳು. "ಲಾಮರ್ಟ್‌ಗಾಗಿ ನಿನಗೆ ಅಭಿನಂದನೆ ಕಣೆ ಫೆಮ್ಮಿ," ಎಂದು ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ಎಲ್ಲರೂ ಅದನ್ನೇ ಅಂದು, ಬಚಾವಾದೆವೆಂದು ಕೂತರು. ಕೇಕಿನ ತುಂಡು ಬಂತು.

"ನಿಮಗೆಲ್ಲ ಒಂದು ವಿಷಯ ಹೇಳ್ಬೇಕು," ಎಂದಳು ಫೆಮ್ಮಿ. "ನಗಬಾರದು ಮತ್ತೆ."

ಯಾರೂ ನಗಲಿಲ್ಲ. ನಗುವಂಥದ್ದು ಇನ್ನೂ ಬಂದಿರಲಿಲ್ಲ.

"ಅವನ ಕಂಪ್ಯೂಟರ್ ನಾನು ಆರಿಸೇ ಇಲ್ಲ. ಆರಿಸಿದ್ರೆ ಮತ್ತೆ ಹತ್ಸೋಕೆ ನನಗೆ ಬರಲ್ಲ. ಪರದೆ ಕಪ್ಪಗೆ ಇರುತ್ತೆ, ಇರಲಿ ಅಂತ ಬಿಟ್ಟಿದ್ದೆ. ಒಂದು ಸಂಜೆ, ಎಂಟರ ಕಾಫಿ ಕುಡಿದು ಲೋಟ ಇಡ್ತೀನಿ, ತಾನೇ ಹತ್ತಿಕೊಳ್ತು. ಅವನ ಫೋಟೋ ಬಂತು, ಹಿಮದ ಮೇಲೆ ನಿಂತಿರೋದು. ಅದರ ಮೇಲೆ ಬಾಣ ಓಡಾಡ್ತಿದೆ! ನಾನು ಮುಟ್ಟಿಲ್ಲ, ದೇವರಾಣೆ. ಮೌಸ್ ಅಲ್ಲೇ ಮೇಜಿನ ಮೇಲೆ ಸುಮ್ಮನೆ ಬಿದ್ದಿದೆ. ಬಾಣ ಗರಗರ ಸುತ್ತುತ್ತೆ, ಸುತ್ತುತ್ತೆ, ಆಮೇಲೆ ಆ ಅಂಚಿಗೊಂದು ಸಲ ಈ ಅಂಚಿಗೊಂದು ಸಲ ರಪ್ ಅಂತ ಹೊಡ್ಕೊಳ್ಳುತ್ತೆ. ಅವನಿಗೆ ಸಿಟ್ಟು ಬಂದ್ರೆ ಹಾಗೇ ಅಲ್ವಾ, ಅಡುಗೆಮನೆಲಿ ಆ ಗೋಡೆಗೂ ಈ ಗೋಡೆಗೂ ಓಡಾಡೋನು."

"ದಿನಾನಾ?" ಎಂದಳು ಯಾಂತಿನಾ, ಫೋರ್ಕನ್ನು ಬಾಯಿಯ ಹತ್ತಿರವೇ ನಿಲ್ಲಿಸಿ.

"ದಿನಾ. ಒಂದು ಸಲ ನಮ್ಮ ಝೇಲಂಡ್ ಪ್ರವಾಸದ ಫೋಟೋಗಳನ್ನೇ ತೆರೆದುಬಿಡ್ತು, ಕಾರಿನ ಹಿಂದೆ ಎಳ್ಕೊಂಡು ಹೋಗೋ ಕಾರವಾನಿನ ಮುಂದೆ ಕೂತಿರೋದು." ಫೆಮ್ಮಿ ಕೆನ್ನೆ ಒರೆಸಿಕೊಂಡಳು. "ಬುಧವಾರ ಮಾತ್ರ ಬರಲ್ಲ."

ನಿಂತಿದ್ದ ಫೋರ್ಕು ಮೆಲ್ಲಗೆ ತಟ್ಟೆಗೆ ಇಳಿಯಿತು.

"ಬುಧವಾರ ಸಂಘದ ಸಭೆ ಅಲ್ವೇನೇ," ಎಂದಳು ಯಾಂತಿನಾ, ತೀರ ಮೆಲ್ಲಗೆ.

"ಹೂಂ, ಮತ್ತೆ? ಬುಧವಾರ ಅವನು ಮನೇಲಿ ಇದ್ದಿದ್ದು ಯಾವಾಗ?"

ರೂಲೊಫ್‌ಗೆ ಕೇಕು ಗಂಟಲಿಗೆ ಸಿಕ್ಕಿಕೊಂಡಿತು. ಹಿಲ್ಲಿ ಅವನ ಬೆನ್ನು ಗುದ್ದಿದಳು. ಬೇಕಾದ್ದಕ್ಕಿಂತ ಒಂದೆರಡು ಹೆಚ್ಚಾಗಿಯೇ ಗುದ್ದಿದಳು. ಅವಳಿಗೂ ಅರ್ಥವಾಗಿತ್ತು. ಬುಧವಾರ ಸಂಜೆ ರೂಲೊಫ್ ಕೂಡ ಮನೆಯಲ್ಲಿರುವುದಿಲ್ಲ. ಅವರ ಮನೆಯೂ ಈ ಮನೆಯೂ ಕನ್ನಡಿಯ ಬಿಂಬಗಳು: ಅಲ್ಲಿ ಅವನ ಮೇಜು ಯಾವ ಗೋಡೆಗೆ ಒತ್ತಿಕೊಂಡಿದೆಯೋ, ಇಲ್ಲಿ ಲಾಮರ್ಟ್‌ನ ಮೇಜು ಅದೇ ಗೋಡೆಯ ಈಚೆ ಬದಿಗೆ ಒತ್ತಿಕೊಂಡಿದೆ. ಅಂದು ಫೋಟೋ ತುಂಬಿಕೊಳ್ಳಲು ಬಂದವನು ಒಂದೇ ಬಣ್ಣದ ಎರಡು ಮೌಸುಗಳಲ್ಲಿ ಲಾಮರ್ಟ್‌ನದನ್ನು ಎತ್ತಿಕೊಂಡು, ತನ್ನದನ್ನು ಬಿಟ್ಟು ಹೋಗಿದ್ದ. ಅದರ ರಿಸೀವರ್ ಲಾಮರ್ಟ್‌ನ ಕಂಪ್ಯೂಟರಿನ ಬೆನ್ನಲ್ಲೇ ಉಳಿಯಿತು. ಇಷ್ಟು ವಾರ ಮೌಸ್ ಎಲ್ಲಿಗೂ ಸೇರಿಕೊಳ್ಳುತ್ತಿಲ್ಲ ಎಂದು ಅವನು ಬೈಯುತ್ತಿದ್ದ. ಅದು ಸೇರಬೇಕಾದಲ್ಲಿಗೆ ಸರಿಯಾಗಿಯೇ ಸೇರುತ್ತಿತ್ತು.

"ನಾಳೆನೇ ಹೋಗಿ ಹೇಳು," ಎಂದಳು ಹಿಲ್ಲಿ, ಮನೆಗೆ ಬಂದು ಕೋಟು ತೂಗುಹಾಕುವ ಮೊದಲೇ.

"ಹೇಳ್ತೀನಿ."

"ಪಾಪ ಅಂತ ಕೂತ್ಕೋಬೇಡ. ಸುಳ್ಳು ಹೇಳೋದಕ್ಕಿಂತ ಬಾಯಿ ಮುಚ್ಕೊಂಡಿರೋದು ದೊಡ್ಡ ಸುಳ್ಳು."

"ಹೇಳ್ತೀನಿ ಅಂದ್ನಲ್ಲ!"

ಆ ಸಂಜೆ ಎಂಟರ ಕಾಫಿಯ ಮೇಲೆ ರೂಲೊಫ್ ಮೌಸನ್ನು ಮುಟ್ಟಲಿಲ್ಲ. ಹೊಟ್ಟೆಯಡಿಯ ಗುಂಡಿ ಸರಿಸಿ ದೀಪ ಆರಿಸಿ, ಪತ್ರಿಕೆ ಬಿಡಿಸಿ, ಓದದೆ ಕೂತ. ಆ ಗೋಡೆಗಳಿಗೆ ಗುಟ್ಟು ನಿಲ್ಲುವುದಿಲ್ಲ. ಆಚೆ ಟಿವಿ ಬಾಯಿ ಮುಚ್ಚಿತು. ಕುರ್ಚಿ ಎಳೆದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಫೆಮ್ಮಿಯ ದನಿ, ಬಚ್ಚಲಲ್ಲಿ ತಡವಾದವನನ್ನು ಕೇಳುವಂತೆ: "ಲಾಮರ್ಟ್?"

ರೂಲೊಫ್ ಹಿಲ್ಲಿಯ ಕಡೆ ನೋಡಿದ. ಹಿಲ್ಲಿ ಹೆಣಿಗೆಯ ಮನೆಗಳನ್ನು ಎಣಿಸುತ್ತಿದ್ದಳು, ಅಥವಾ ಎಣಿಸುವಂತೆ ತುಟಿ ಅಲುಗಿಸುತ್ತಿದ್ದಳು.

"ಲಾಮರ್ಟ್, ಇದ್ದೀಯಾ?"

ಅವನು ಪತ್ರಿಕೆ ಮಡಿಸಿ, ಮೇಜಿಗೆ ಹೋಗಿ, ಗುಂಡಿ ಸರಿಸಿದ. ಕೆಂಪು ದೀಪ ಹತ್ತಿತು. ಮೌಸಿನ ಮೇಲೆ ಕೈಯಿಟ್ಟು, ಮೊದಲ ಬಾರಿಗೆ ಬೈಯದೆ, ಮೆಲ್ಲಗೆ ಒಂದು ಸುತ್ತು ತಿರುಗಿಸಿದ. ಗೋಡೆಯಾಚೆ ಕುರ್ಚಿ ಕಿರುಗುಟ್ಟಿತು. "ಆಂ, ಬಂದ್ಯಾ," ಎಂದಳು ಫೆಮ್ಮಿ.

ಹಿಲ್ಲಿಯ ಹೆಣಿಗೆಯಲ್ಲಿ ಒಂದು ಮನೆ ತಪ್ಪಿತು. ಅದು ಅವಳ ಜೀವನದಲ್ಲಿ ಅಪರೂಪ.

ಆಮೇಲಿನ ಸಂಜೆಗಳಲ್ಲಿ ಅವನು ಅಂಚಿಗೆ ಬಡಿಯುವುದನ್ನು ಬಿಟ್ಟ. ಉದ್ದನೆಯ ವಾಲುಗೆರೆಗಳನ್ನು ಎಳೆಯುತ್ತಿದ್ದ: ಎಡಕ್ಕೆ ಒರಗಿ ಒಂದು, ಬಲಕ್ಕೆ ಒರಗಿ ಒಂದು, ಕೈ ಬೆನ್ನಿಗೆ ಕಟ್ಟಿ ಹಿಮದ ಮೇಲೆ ಜಾರುವವರ ಹಾಗೆ. ಲಾಮರ್ಟ್ ಹಾಗೆಯೇ ಜಾರುತ್ತಿದ್ದ, ಆತುರವಿಲ್ಲದೆ, ಊರಿಗೆಲ್ಲ ಅಡ್ಡವಾಗಿ. ಗೋಡೆಯಾಚೆಯ ಪರದೆ ರೂಲೊಫ್‌ಗೆ ಕಾಣುತ್ತಿರಲಿಲ್ಲ. ಮೌಸಿನ ಎಡಬದಿ, ಹೆಬ್ಬೆರಳು ಕೂರುವ ಕಡೆ, ಸವೆದು ನುಣುಪಾಗಿತ್ತು. ಅವನ ಹೆಬ್ಬೆರಳು ಅಷ್ಟು ಮುಂದಕ್ಕೆ ಬರುವುದೇ ಇಲ್ಲ. ಇದನ್ನು ಇಷ್ಟು ದಿನ ಗಮನಿಸದ ತನಗೆ ಕಣ್ಣಿದ್ದೂ ಕುರುಡು ಎಂದುಕೊಂಡ. ಆ ನುಣುಪಿನ ಮೇಲೆ ಬೆರಳಿಟ್ಟು, ಕಷ್ಟಪಟ್ಟು, ಅಲ್ಲಿಂದಲೇ ಹಿಡಿಯಲು ಕಲಿತ. ಬುಧವಾರ ಸಭೆಗೆ ಹೋದ. ಹೋಗದಿದ್ದರೆ ಅನುಮಾನ ಬರುತ್ತಿತ್ತು.

ಹೀಗೇ ನಡೆದುಹೋಗಬಹುದೆಂದು ಅವನು ನಂಬತೊಡಗಿದ್ದಾಗ ಫೆಮ್ಮಿ ಒಂದು ಬೆಳಿಗ್ಗೆ ಅರ್ಧ ಕತ್ತರಿಸಿದ ಬೇಲಿಯಾಚೆಯಿಂದ ಕೂಗಿದಳು. ಮುಖ ಕಳೆಕಳೆಯಾಗಿತ್ತು.

"ಯಾಂತಿನಾ ನನ್ನ ತನ್ನ ಮನೆಗೇ ಕರ್ಕೊಂಡೋಗ್ತೀನಿ ಅಂತಾಳೆ ಕಣೋ, ವಸಂತ ಪೂರ್ತಿ. ಆಗಲ್ಲ ಅಂದೆ. ನಾನು ಹೋದ್ರೆ ಇವನು ಬಂದು ಯಾರನ್ನ ನೋಡ್ಬೇಕು? ಮಂಚ ಕೂಡ ಕೆಳಗೇ ಹಾಕಿಸ್ಕೊಂಡಿದೀನಿ, ಕಂಪ್ಯೂಟರ್ ಪಕ್ಕ."

"ಹೌದಾ," ಎಂದ ರೂಲೊಫ್.

"ಈಗ ಜಗಳಾನೂ ಇಲ್ಲ, ಶಾಂತವಾಗಿದಾನೆ. ಕೇಳಿದ್ದಕ್ಕೆ ಉತ್ತರಾನೂ ಕೊಡ್ತಾನೆ. ಕಾರವಾನ್ ಮಾರಲಾ ಅಂತ ನಿನ್ನೆ ಪಿಸುದನೀಲಿ ಕೇಳ್ದೆ. ಎಡಕ್ಕೆ ಹೋಗಿ ನಿಂತುಬಿಟ್ಟ. ಎಡಕ್ಕೆ ಅಂದ್ರೆ ಬೇಡ ಅಂತ. ಕೊಳ್ಳೋಕೆ ಬಂದೋರನ್ನ ವಾಪಸ್ ಕಳಿಸ್ದೆ."

ಒಳಗೆ ಬಂದವನ ಮುಖ ನೋಡಿ ಹಿಲ್ಲಿ ಚೊಂಬಿನಂಥ ಕಾಫಿ ಪಾತ್ರೆಯನ್ನು ಕೆಳಗಿಟ್ಟಳು. ಅವನು ಎಲ್ಲವನ್ನೂ ಹೇಳಿದ.

"ಸೇತುವೆ ಎತ್ತಿದೋನು ನೀನು," ಎಂದಳು ಅವಳು. ದನಿಯಲ್ಲಿ ಚುಚ್ಚು ಇರಲಿಲ್ಲ. "ಎತ್ತಿಟ್ಟು, ಇಳಿಸದೆ ಊಟಕ್ಕೆ ಹೋದ್ರೆ ಆಗುತ್ತಾ? ಈ ಕಡೆ ಒಬ್ಬಳು ನಿಂತೇ ಇದಾಳೆ ನೋಡು, ದಾಟಕ್ಕಾಗದೆ."

ರೂಲೊಫ್ ಮೌಸನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟ. ಹಿತ್ತಿಲ ಕಡೆಗೆ ತಿರುಗಿದವನು ಏಕೋ ನಿಂತು, ಮುಂದಿನಿಂದ ಬಳಸಿ ಹೋಗಿ ಗಂಟೆ ಒತ್ತಿದ. ಆ ಬೀದಿಯಲ್ಲಿ ಎಲ್ಲರೂ "ಜನ ಬಂದ್ರು!" ಎಂದು ಕೂಗುತ್ತ ಹಿತ್ತಿಲಿಂದಲೇ ಒಳಬರುವವರು. ಮುಂಬಾಗಿಲು ಇರುವುದು ಮದುಮಕ್ಕಳಿಗೆ, ಪೊಲೀಸರಿಗೆ, ಶವಪೆಟ್ಟಿಗೆಗೆ. ಬಾಗಿಲು ತೆರೆದ ಫೆಮ್ಮಿಯ ಕೈ ಎದೆಗೆ ಹೋಯಿತು.

"ಹಿಲ್ಲಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಒಳಗೆ ಬರಬಹುದಾ?"

ಬರಬಹುದಾ ಎಂದು ಅವನು ಕೇಳಿದ್ದು ಇಷ್ಟು ವರ್ಷಗಳಲ್ಲಿ ಅದೇ ಮೊದಲು.

ಹೇಳುವುದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ದಾರಿ ಚಿಕ್ಕದು, ಮಾತೂ ಚಿಕ್ಕದಾಗಿತ್ತು. ಎರಡು ಮೌಸ್ ಅದಲುಬದಲಾದವು. ಇದು ಲಾಮರ್ಟ್‌ನದು. ಇದರ ಜೋಡಿ ನಿನ್ನ ಕಂಪ್ಯೂಟರಿನ ಬೆನ್ನಲ್ಲಿದೆ. ಇದು ಅದನ್ನು ಬಿಟ್ಟರೆ ಯಾರ ಹತ್ತಿರವೂ ಮಾತಾಡುವುದಿಲ್ಲ, ಮಧ್ಯೆ ಗೋಡೆಯಿದ್ದರೂ ಲೆಕ್ಕಕ್ಕಿಲ್ಲ. ನಾನು ಅಲ್ಲಿ ಆಡಿಸಿದರೆ ಇಲ್ಲಿ ಆಡುತ್ತದೆ.

ಫೆಮ್ಮಿ ಕೇಳಿದಳೇ ಇಲ್ಲವೇ ತಿಳಿಯಲಿಲ್ಲ. ಅವಳು ಕಪ್ಪು ಪರದೆಯ ಕಡೆಗೇ ನೋಡುತ್ತಿದ್ದಳು. ಅವನು ಜೇಬಿನಿಂದ ಮೌಸ್ ತೆಗೆದು ಮೇಜಿನ ಮೇಲಿಟ್ಟು ಕೊಂಚ ಸರಿಸಿದ. ಪರದೆ ಹತ್ತಿತು. ಹಿಮದ ಮೇಲೆ ಲಾಮರ್ಟ್, ಕೆಂಪು ಮೂಗು, ಕಿವಿ ಮುಚ್ಚುವ ಟೊಪ್ಪಿ.

"ಇನ್ನೊಂದು ಸಲ ಮಾಡು," ಎಂದಳು.

ಮಾಡಿದ.

"ಸುತ್ತು ಹಾಕು."

ಹಾಕಿದ.

"ಆ ವಾಲಿ ವಾಲಿ ಹೋಗ್ತಿತ್ತಲ್ಲ, ಹಾಗೆ."

ಎಡಕ್ಕೊಂದು, ಬಲಕ್ಕೊಂದು. ತಾನು ಇಷ್ಟು ಸಂಜೆ ಎಳೆದ ಗೆರೆಗಳನ್ನು ಅವನು ಮೊದಲ ಸಲ ಕಣ್ಣಿಂದ ಕಂಡ. ಅಷ್ಟೇನೂ ಚೆನ್ನಾಗಿರಲಿಲ್ಲ, ಹೊಸದಾಗಿ ಜಾರಲು ಕಲಿತವರ ಹಾಗೆ ಇತ್ತು.

"ಕಾರವಾನ್ ಬೇಡ ಅಂದಿದ್ದು?"

"ನಿನ್ನ ಕಾರವಾನ್ ವಿಷಯ ನನಗೆ ಗೊತ್ತೇ ಇರಲಿಲ್ಲ ಫೆಮ್ಮಿ. ಕಾಫಿ ಲೋಟಕ್ಕೆ ಕೈ ಚಾಚಿದ್ನೋ ಏನೋ."

ಅವಳು ಮಂಚದ ಅಂಚಿನಲ್ಲಿ ಕೂತಳು. ಆಮೇಲೆ ಕೇಳಿದಳು: "ಹೊಸದು ಯಾಕೋ ತಗೊಳ್ಳಲಿಲ್ಲ? ಎಲ್ಲರೂ ಹೊಸದು ತಗೋತಾರೆ. ಒಂದು ಮೌಸ್‌ಗೆ ಬರಗಾಲ ಬಂದಿತ್ತಾ ನಿನಗೆ?"

"ಅವನು ಕೊಟ್ಟಿದ್ದು."

"ಅದು ಪುಕ್ಕಟೆ ಬಂದಿದ್ದೋ!"

"ಅದಕ್ಕೇ."

ಆ ಮಾತಿಗೆ ಅವಳ ಮುಖ ಒಂದು ಕ್ಷಣ ನಗುವಿನ ಕಡೆಗೆ ವಾಲಿತು. ಅಲ್ಲಿಂದ ಜಾರಿ ಬೇರೆಡೆಗೆ ಹೋಯಿತು. ಅವಳು ಎದ್ದು, ಮೇಜಿನ ಮೇಲಿದ್ದ ಇನ್ನೊಂದು ಮೌಸನ್ನು, ಅದರ ಮೇಲೆ ಹೊದಿಸಿದ್ದ ಇಸ್ತ್ರಿ ಮಾಡಿದ ಕರವಸ್ತ್ರದ ಸಮೇತ ಎತ್ತಿದಳು.

"ಇದನ್ನ ನಾನು ಒರೆಸಿಲ್ಲ, ಗೊತ್ತಾ? ಧೂಳು ಹೊಡೆಯುವಾಗಲೂ ಮುಟ್ಟಿಲ್ಲ. ಅವನ ಬೆರಳು ಇರುತ್ತೆ ಅಂತ. ಮಲಗೋ ಮೊದಲು ಮೇಲೆ ಸುಮ್ಮನೆ ಹೀಗೆ ಕೈ ಇಡ್ತಿದ್ದೆ, ಅಲುಗಾಡಿಸದೆ. ಇಷ್ಟು ದಿನ ನಿನ್ನ ಕೈ ಕೊಳೆ ಕಾದಿದೀನಿ ರೂಲೊಫ್."

ಅವಳು ಕರವಸ್ತ್ರ ತೆಗೆದಿಟ್ಟುಕೊಂಡು ಮೌಸನ್ನು ಅವನ ಕೈಗೆ ಕೊಟ್ಟಳು. ಲಾಮರ್ಟ್‌ನ ಮೌಸಿನ ಮುಂದೆ ಕೂತು, ಹೆಬ್ಬೆರಳನ್ನು ಆ ನುಣುಪಿನಲ್ಲಿ ಇಟ್ಟಳು, ಹುಡುಕಬೇಕಾಗಲಿಲ್ಲ. ಸರಿಸಿದಳು. ಬಾಣ ಅವಳು ಕರೆದಲ್ಲಿಗೆ ಹೋಯಿತು, ನಿಲ್ಲಿಸಿದಲ್ಲಿ ನಿಂತಿತು.

"ಸರಿಯಾಗಿದೆ," ಎಂದ ರೂಲೊಫ್. ಏನಾದರೂ ಹೇಳಬೇಕಿತ್ತು.

"ಹೂಂ. ಈಗ ನಾನು ಹೇಳಿದ ಹಾಗೆ ಮಾತ್ರ ಕೇಳುತ್ತೆ," ಎಂದಳು ಫೆಮ್ಮಿ.

ಅವಳು ಕಾಫಿ ಬೇಕಾ ಎಂದು ಕೇಳಲಿಲ್ಲ. ಆ ಮನೆಯಲ್ಲಿ ಹಾಗಾದದ್ದು ಅವನಿಗೆ ನೆನಪಿಲ್ಲ. ಮುಂಬಾಗಿಲಿನಿಂದಲೇ ಹೊರಬಂದ.

ಸಂಜೆ ಎಂಟರ ಕಾಫಿ ಮುಗಿಯಿತು. ಡಬ್ಬಿಯ ಮುಚ್ಚಳ ಬಿತ್ತು. ರೂಲೊಫ್ ತನ್ನ ಮೌಸಿನ ಗುಂಡಿ ಸರಿಸಿದ. ಪರದೆಯ ಬಾಣ ಮುಟ್ಟಿದ ಕೂಡಲೇ ಚಂಗನೆ ಹಾರಿತು, ಇಷ್ಟು ದಿನ ಎಲ್ಲಿಗೂ ಹೋಗದಿದ್ದ ಹಾಗೆ. ಫೋಟೋಗಳು ತೆರೆದುಕೊಂಡವು. ಮೊದಲನೆಯದರಲ್ಲಿ ಲಾಮರ್ಟ್ ಹೆಪ್ಪುಗಟ್ಟಿದ ಗದ್ದೆಯ ನಡುವೆ ನಿಂತು, ಕೊಡಲಿಯ ಹಿಡಿಯಿಂದ ಹಿಮ ಗುದ್ದಿ, ತಡೆಯುತ್ತದೆಯೇ ಎಂದು ಪರೀಕ್ಷಿಸುತ್ತಿದ್ದ. ಅವನ ಹಿಂದೆ ಹಗ್ಗದ ತುದಿ ಹಿಡಿದು ನಿಂತಿರುವವನು ರೂಲೊಫ್, ಒಡೆದರೆ ಎಳೆಯಲೆಂದು. ಒಡೆದಿರಲಿಲ್ಲ.

ಗೋಡೆಯಾಚೆ ಕುರ್ಚಿ ಎಳೆದ ಸದ್ದಾಯಿತು. ಅವನು ಕೈ ಮೌಸಿನಿಂದ ಹಿಂದಕ್ಕೆ ತೆಗೆದ. ಆಮೇಲೆ ಒಂದು ಸದ್ದು ನಿಂತಿತು. ಲಾಮರ್ಟ್‌ನ ಕಂಪ್ಯೂಟರಿನ ಫ್ಯಾನು ನವೆಂಬರಿನಿಂದ ಹಗಲೂ ರಾತ್ರಿ ಗುಯ್‌ಗುಟ್ಟುತ್ತಿತ್ತೆಂದು ಅವನಿಗೆ ತಿಳಿದದ್ದು ಅದು ನಿಂತ ಮೇಲೆ.

"ಸರಿಹೋಯ್ತಾ?" ಎಂದಳು ಹಿಲ್ಲಿ.

"ಸರಿಹೋಯ್ತು," ಎಂದು ರೂಲೊಫ್ ಹೇಳಿದ. ಹೇಳಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹಿಲ್ಲಿ ಹೆಣಿಗೆ ಕೆಳಗಿಟ್ಟು, ಡಬ್ಬಿ ತೆರೆದು, ಅವನ ಲೋಟದ ಪಕ್ಕ ಎರಡನೆಯ ಬಿಸ್ಕತ್ತು ಇಟ್ಟಳು.